ಜಲಪಾತಕ್ಕೆ ಬೆನ್ನು ಹಾಕಿ ನಿಂತವರು

ಮಳೆಗಾಲದ ಒಂದು ಭಾನುವಾರ ಸಂಕೇಶ್ವರದಿಂದ ಗೋಕಾಕ ಫಾಲ್ಸ್‌ಗೆ ಹೋಗಿ ನೋಡಿ. ಘಟಪ್ರಭೆ 52 ಮೀಟರ್ ಎತ್ತರದಿಂದ ಕೆಂಪು ನೀರಾಗಿ ಧುಮುಕುತ್ತಿರುತ್ತದೆ. ಅದನ್ನು ನೋಡಲೆಂದೇ ಬಂದವರು ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್. ಸಂಜೆಯ ಹೊತ್ತಿಗೆ ನೂರಾರು ಚಿತ್ರಗಳು ಊರೂರಿಗೆ ತಲುಪಿರುತ್ತವೆ, ಮರುದಿನ ಮರೆತೂ ಹೋಗಿರುತ್ತವೆ. ದಂಡೆಯ ಹಳೆಯ ಗುಡಿಯಾಗಲಿ, 19ನೆಯ ಶತಮಾನದ ನೂಲಿನ ಗಿರಣಿಯಾಗಲಿ, ಜೋಳದ ತೆನೆ ಸುಟ್ಟು ಮಾರುವ ಹೆಂಗಸಾಗಲಿ ಅವುಗಳಲ್ಲಿ ಇರುವುದಿಲ್ಲ.

ಇಷ್ಟೊಂದು ಚಿತ್ರ ತೆಗೆಯುವ ನಾವು ಅವುಗಳಿಂದ ಒಂದು ಪುಸ್ತಕವನ್ನೇಕೆ ಮಾಡುವುದಿಲ್ಲ?

ಪುಸ್ತಕ ಎಂದಾಕ್ಷಣ ಪ್ರಕಾಶಕರು, ದೊಡ್ಡ ಬಂಡವಾಳ, ಬಿಡುಗಡೆ ಸಮಾರಂಭ ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಆದರೆ ಪ್ರವಾಸದ ಛಾಯಾಚಿತ್ರಗಳ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. ಮದ್ರಾಸ್ ಸೇನೆಯ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಅವನು ಹವ್ಯಾಸಿ. ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಚಿತ್ರಗಳನ್ನು ಕೇಳುವವರಿರಲಿಲ್ಲ. 1983ರಲ್ಲಿ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ನಡುವಿನ ಕಾಲದಲ್ಲಿ ಏನು ಉಳಿಯಿತು, ಏನು ಬಿತ್ತು ಎಂಬುದು ಪಕ್ಕಪಕ್ಕದಲ್ಲೇ ಕಂಡಿತು. ಒಬ್ಬನ ಹವ್ಯಾಸ ನಾಡಿನ ದಾಖಲೆಯಾಯಿತು.

ಧಾರವಾಡ, ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಚಿತ್ರಸಂಪುಟ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕ್ಯಾಮರಾ ಹಿಡಿದವರು ಡಾ. ಪಿಗೂ, ನೀಲ್ ಮತ್ತು ಬಿಗ್ಸ್. ಗುಡಿ ನಮ್ಮದು, ನಾಡು ನಮ್ಮದು, ನೋಡಿದ ಕಣ್ಣು ಮಾತ್ರ ಬೇರೆಯವರದು. ಹೊರಗಿನವರು ತೆಗೆದರೆಂಬುದು ದೂರಲ್ಲ. ಅವರಾದರೂ ತೆಗೆದರು. ನಮ್ಮವರು ತೆಗೆದಾಗ ಏನಾಯಿತು ಎಂಬುದಕ್ಕೆ ಮಕ್ಕಾದ ವೈದ್ಯ ಅಬ್ದುಲ್ ಗಫ್ಫಾರ್ ಅವರ ಕತೆ ಸಾಕ್ಷಿ. 1880ರ ದಶಕದಲ್ಲಿ ತನ್ನದೇ ಊರನ್ನು, ಯಾತ್ರಿಕರನ್ನು ಅವರು ಚಿತ್ರೀಕರಿಸಿದರು. ಚಿತ್ರಗಳ ಮೇಲೆ ಅಂದವಾದ ಅಕ್ಷರಗಳಲ್ಲಿ ಸಹಿಯನ್ನೂ ಹಾಕಿದ್ದರು. ಡಚ್ ವಿದ್ವಾಂಸ ಸ್ನೂಕ್ ಹರ್ಗ್ರೋನ್ಯೆ 1889ರಲ್ಲಿ ಲೈಡನ್ನಿನಲ್ಲಿ ಅವನ್ನು ಪ್ರಕಟಿಸಿದಾಗ ಆ ಸಹಿ ಅಳಿಸಿಹೋಗಿತ್ತು. ತನ್ನ ಚಿತ್ರವನ್ನು ತಾನೇ ಪ್ರಕಟಿಸಿಕೊಳ್ಳುವುದು ಬರೀ ಶೋಕಿಯಲ್ಲ, ಹೆಸರನ್ನು ಉಳಿಸಿಕೊಳ್ಳುವ ಹಕ್ಕೂ ಹೌದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಕನ್ನಡದಲ್ಲಿ ಈ ದಾರಿಯನ್ನು ಚೆನ್ನಾಗಿ ತುಳಿದವರು ಹೊನ್ನಾವರದ ಕೃಷ್ಣಾನಂದ ಕಾಮತ (1934-2002). ವೃತ್ತಿಯಿಂದ ವಿಜ್ಞಾನಿಯಾದ ಅವರು ಲೇಖನಿ, ಕ್ಯಾಮರಾ, ರೇಖಾಚಿತ್ರ ಮೂರನ್ನೂ ಹಿಡಿದು ಅಲೆದರು. ‘ಬಸ್ತರ ಪ್ರವಾಸ’, ‘ವಂಗದರ್ಶನ’ ಹೀಗೆ ಬಂದ ಕೃತಿಗಳು. ಕಾಮತರ ಹಿರಿಮೆ ಇರುವುದು ಅವರ ನೋಟದಲ್ಲಿ. ಅವರ ಕ್ಯಾಮರಾ ಹುಡುಕಿದ್ದು ಸಂತೆ, ಆಭರಣ, ಹಚ್ಚೆ, ಅಡುಗೆ, ದುಡಿಯುವ ಕೈ. ಪ್ರವಾಸಿ ತಾಣವೆಂದು ಯಾರೂ ಹೆಸರಿಸದ ಜಾಗಗಳಲ್ಲಿ ಅವರು ನಿಂತರು.

ವಿಮರ್ಶೆಗೆಂದು ನಮ್ಮ ಕೈಸೇರುವ ಸ್ವಂತ ಪ್ರಕಟಣೆಯ ಪ್ರವಾಸ ಪುಸ್ತಕಗಳಲ್ಲಿ ಇದೇ ಕೊರತೆ. ಪುಟಪುಟದಲ್ಲೂ ಲೇಖಕರೇ ನಿಂತಿರುತ್ತಾರೆ, ಹಿಂದಿನ ಕಟ್ಟಡದ ಅರ್ಧ ಅವರ ಭುಜದಲ್ಲಿ ಮುಚ್ಚಿಹೋಗಿರುತ್ತದೆ. ಚಿತ್ರದ ಕೆಳಗೆ ಊರಿಲ್ಲ, ತಾರೀಖಿಲ್ಲ. ಒಂದೇ ಪುಟದಲ್ಲಿ ಎಂಟು ಚಿತ್ರ ತುರುಕಿ, ತೆಳು ಕಾಗದದಲ್ಲಿ ಅಚ್ಚು ಹಾಕಿಸಿದ್ದರಿಂದ ಎಲ್ಲವೂ ಮಸಿಯ ಮುದ್ದೆ. ಬರೆಯುವಾಗ ಒಂದು ವಾಕ್ಯವನ್ನು ಹತ್ತು ಸಲ ತಿದ್ದುವವರು ಚಿತ್ರದ ಮಟ್ಟಿಗೆ ಯಾಕಿಷ್ಟು ಧಾರಾಳಿಗಳು? ಬಿಡುವುದನ್ನು ಕಲಿಯದೆ ಚಿತ್ರದ ಪುಸ್ತಕ ಆಗದು. ಇನ್ನೂರರಲ್ಲಿ ಇಪ್ಪತ್ತು ಉಳಿದರೆ ಅದೇ ದೊಡ್ಡ ಮಾತು. ಅಪರಿಚಿತರ ಮುಖವನ್ನು ಅಚ್ಚು ಹಾಕಿಸುವ ಮುನ್ನ ಅವರನ್ನು ಒಂದು ಮಾತು ಕೇಳುವುದು ಕಲೆಗಿಂತ ಮೊದಲಿನ ಸಂಸ್ಕಾರ.

ಉಳಿದದ್ದೆಲ್ಲ ಸುಲಭ. ಮದುವೆಯ ದಪ್ಪ ಆಲ್ಬಮ್ ಮಾಡಿಕೊಡುವ ಸ್ಟುಡಿಯೋಗಳು ಸಂಕೇಶ್ವರದಂಥ ಊರುಗಳಲ್ಲೂ ಇವೆ. ಚಿತ್ರ ಜೋಡಿಸುವ ಕಂಪ್ಯೂಟರೂ ಕೈಚಳಕವೂ ಅಲ್ಲೇ ಇವೆ. ನಡುವೆ ಪಿನ್ನು ಹೊಡೆಯುವ ಪುಸ್ತಕವಾದರೆ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು, ಅಷ್ಟೇ. ಮೂವತ್ತೆರಡು ಪುಟ, ಐವತ್ತು ಪ್ರತಿ ಸಾಕು. ಮಾರಾಟಕ್ಕಿಡುವುದಾದರೆ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಪ್ರಕಟವಾದ ಪುಸ್ತಕದ ಪ್ರತಿಯನ್ನು ಕೋಲ್ಕತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಇದನ್ನು ಹೊರೆಯೆಂದು ತಿಳಿಯಬೇಕಿಲ್ಲ. ಹುಕ್ಕೇರಿ ತಾಲೂಕಿನ ಒಬ್ಬರ ಪುಟ್ಟ ಪುಸ್ತಕ ದೇಶದ ಗ್ರಂಥಾಲಯದಲ್ಲಿ ಜಾಗ ಪಡೆಯುವುದು ಸಣ್ಣ ಸಂಗತಿಯೇ?

2019ರ ಆಗಸ್ಟ್‌ನಲ್ಲಿ ನದಿಗಳು ಉಕ್ಕಿ ಗೋಕಾಕದ ತಗ್ಗು ಪ್ರದೇಶಗಳು ನೀರಿನಲ್ಲಿ ನಿಂತಾಗ ಜನ ಸಾವಿರಾರು ಚಿತ್ರ ತೆಗೆದರು. ಆ ಫೋನುಗಳಲ್ಲಿ ಎಷ್ಟು ಇಂದು ಉಳಿದಿವೆ? ಯಾವ ಗೋಡೆಯ ಎಷ್ಟು ಎತ್ತರಕ್ಕೆ ನೀರು ಬಂದಿತ್ತು ಎಂದು ನಾಳೆ ಮೊಮ್ಮಗ ಕೇಳಿದರೆ ತೋರಿಸಲು ನಮ್ಮಲ್ಲಿ ಏನಿದೆ? ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳ ಗಾರೆ ಈ ವರ್ಷ ಎಷ್ಟಿದೆ, ಇಪ್ಪತ್ತು ವರ್ಷದ ನಂತರ ಎಷ್ಟಿರುತ್ತದೆ? ಇದನ್ನು ಹೇಳಬಲ್ಲದ್ದು ತಾರೀಖು ಬರೆದ ಒಂದು ಚಿತ್ರ, ಅದನ್ನು ಕಾಪಾಡಿದ ಒಂದು ಪುಸ್ತಕ.

ಪ್ರವಾಸಕ್ಕೆ ದೂರ ಹೋಗಬೇಕೆಂದೇನೂ ಇಲ್ಲ. ಮುಂದಿನ ಸಲ ಫಾಲ್ಸ್‌ಗೆ ಹೋದಾಗ ಒಂದು ಗಳಿಗೆ ತಿರುಗಿ ನಿಂತರೆ ಸಾಕು. ನಮ್ಮ ಮುಖ ನಮಗೆ ಹೇಗೂ ಗೊತ್ತಿದೆ.