ಕೌದಿಗೆ ಅಂಚು ಕಟ್ಟುವ ಹದ

ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಳ್ಳೊಳ್ಳೆಯ ಕೌದಿಗಳು ಟ್ರಂಕು ಸೇರಿವೆ. ಹರಿದಿದ್ದಕ್ಕಲ್ಲ, ಮಂಚಕ್ಕೆ ಸಾಲದ್ದಕ್ಕೆ. ಹಳೆಯ ಕೌದಿ ಬಹುಮಟ್ಟಿಗೆ ಸೀರೆಯ ಪನ್ನದ ಲೆಕ್ಕದ್ದು. ಆ ಪನ್ನ, ಅಂದರೆ ಬಟ್ಟೆಯ ಅಗಲ, 45ರಿಂದ 48 ಇಂಚು. ನೆಲದಲ್ಲಿ ಚಾಪೆ ಹಾಸಿ ಒಬ್ಬರು ಮಲಗಿದರೆ ಅಷ್ಟು ಧಾರಾಳವಾಯಿತು. ಇಂದಿನ ಕ್ವೀನ್ ಗಾದಿಯ ಅಗಲವೇ 60 ಇಂಚು, ಕಿಂಗ್ ಆದರೆ 72. ಉದ್ದ ಎರಡಕ್ಕೂ ಸಾಮಾನ್ಯವಾಗಿ 78. ಇಬ್ಬರು ಮಲಗಿದಾಗ ಒಬ್ಬರು ಎಳೆದುಕೊಂಡರೆ ಇನ್ನೊಬ್ಬರಿಗೆ ಹೊದಿಕೆಯಿಲ್ಲ. ಇಂಥ ಕೌದಿಯನ್ನು ದೊಡ್ಡದು ಮಾಡುವುದು ಹೇಗೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಹಳೆಯ ಕೌದಿಗೆ ಕತ್ತರಿ ತಾಗಬಾರದು. ನಡುವೆ ಸೀಳಿ ಪಟ್ಟಿ ಸೇರಿಸುವುದು ಬೇಡ. ಹಳೆಯದು ಇಡಿಯಾಗಿ ನಡುವೆ ಉಳಿಯಲಿ, ಹೊಸದು ಅದರ ಮಗ್ಗುಲಿಗೆ ಬೆಳೆಯಲಿ.

ಕತ್ತರಿ ಏಕೆ ಬೇಡ? ಕೌದಿಯ ಬಲ ಬಟ್ಟೆಯಲ್ಲಿಲ್ಲ, ಹೊಲಿಗೆಯಲ್ಲಿದೆ. ಅದರೊಳಗಿರುವುದು ಉಟ್ಟು ಸವೆದ ಸೀರೆ, ಧೋತರ, ಕುಬಸದ ತುಂಡು. ಬಿಡಿಬಿಡಿಯಾಗಿ ಒಂದಕ್ಕೂ ತ್ರಾಣವಿಲ್ಲ. ಆ ಪದರುಗಳನ್ನೆಲ್ಲ ಹಿಡಿದಿಟ್ಟಿರುವುದು ಈ ತುದಿಯಿಂದ ಆ ತುದಿಗೆ ಓಡುವ ದಾರದ ಸಾಲು. ಸಾಲನ್ನು ಒಂದು ಕಡೆ ಕತ್ತರಿಸಿದರೆ ಅದು ಎರಡೂ ಕಡೆಗೆ ಬಿಚ್ಚುತ್ತ ಹೋಗುತ್ತದೆ.

ಇನ್ನು ಅಳತೆ. ಗಾದಿಯ ಅಗಲದ ಜೊತೆಗೆ ಅದರ ದಪ್ಪವನ್ನೂ ಅಳೆಯಬೇಕು. 60 ಇಂಚಿನ ಗಾದಿ 6 ಇಂಚು ದಪ್ಪವಿದ್ದರೆ, ಆ ದಪ್ಪವನ್ನು ಮುಚ್ಚಿ ಇನ್ನೂ 3 ಇಂಚು ಇಳಿಬೀಳಲು ಎರಡೂ ಮಗ್ಗುಲಿಗೆ ತಲಾ 9 ಇಂಚು ಬೇಕು. ಒಟ್ಟು ಅಗಲ 78 ಇಂಚು. ಕೌದಿ 50 ಇಂಚಿನದಾದರೆ ಒಂದೊಂದು ಮಗ್ಗುಲಿಗೆ 14 ಇಂಚು ಸೇರಬೇಕು. ಉದ್ದದ ವಿಷಯದಲ್ಲಿ ಅವಸರ ಬೇಡ. ದಿಂಬಿನ ಜಾಗ ಒಂದು ಅಡಿ ಬಿಟ್ಟರೆ, ಕಾಲ ಬಳಿಯ ಇಳಿತ ಸೇರಿ 75 ಇಂಚು ಸಾಕು. ಅನೇಕ ಕೌದಿಗಳಿಗೆ ಅಷ್ಟು ಉದ್ದ ಈಗಾಗಲೇ ಇರುತ್ತದೆ. ಹಾಗಿದ್ದರೆ ಎರಡೇ ಮಗ್ಗುಲಿಗೆ ಅಂಚು ಕಟ್ಟಿ. ಕೆಲಸ ಕಡಿಮೆಯಾಗುತ್ತದೆ, ಭಾರವೂ ಅಷ್ಟಾಗಿ ಹೆಚ್ಚಾಗದು.

ಅಂಚಿನ ಪಟ್ಟಿಯ ಉದ್ದವನ್ನು ಕೌದಿಯ ತುದಿಗೆ ಹಿಡಿದು ತೆಗೆದುಕೊಳ್ಳಬೇಡಿ. ವರ್ಷಗಟ್ಟಲೆ ಎಳೆದಾಡಿ ತುದಿ ಜಗ್ಗಿರುತ್ತದೆ. ನಟ್ಟನಡುವೆ ಟೇಪು ಹಿಡಿದು ಬಂದ ಅಳತೆಯೇ ಸರಿಯಾದದ್ದು. ಪಟ್ಟಿಯನ್ನೂ ಕೌದಿಯ ತುದಿಯನ್ನೂ ನಾಲ್ಕು ಪಾಲು ಮಾಡಿ ಗುರುತು ಹಾಕಿ, ಗುರುತಿಗೆ ಗುರುತು ಕೂಡಿಸಿ ಪಿನ್ನು ಚುಚ್ಚಿ, ಉಳಿದ ಸಡಿಲವನ್ನು ನಡುನಡುವೆ ಹಂಚಿ. ಈ ಒಂದು ಎಚ್ಚರ ತಪ್ಪಿದರೆ ಅಂಚು ಅಲೆಯಲೆಯಾಗಿ ಏಳುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಒತ್ತಿದರೂ ಕೂರುವುದಿಲ್ಲ.

ಬಟ್ಟೆಯ ಆಯ್ಕೆಯಲ್ಲಿ ನನ್ನದು ಹಟದ ಮಾತು: ಹತ್ತಿಯದೇ ಆಗಬೇಕು, ಆದಷ್ಟೂ ಬಳಸಿದ್ದಾಗಬೇಕು. ಹಳೆಯ ಬಟ್ಟೆ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿರುತ್ತದೆ. ಹೊಸ ಹತ್ತಿ ಮೊದಲ ಒಗೆತಕ್ಕೆ ಕುಗ್ಗಿ, ಪಕ್ಕದ ಹಳೆಯ ಬಟ್ಟೆಯನ್ನೂ ಸುಕ್ಕುಗಟ್ಟಿಸುತ್ತದೆ. ಹೊಸದೇ ಬೇಕೆಂದರೆ ಬಿಸಿನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿದ ಮೇಲೆ ಅಳೆಯಿರಿ. ಹತ್ತಿಯ ಇಳಕಲ್ ಸೀರೆಯ ಒಡಲು, ಕೈಮಗ್ಗದ ಪಂಚೆ ಅಂಚಿಗೆ ಚೆನ್ನಾಗಿ ಒದಗುತ್ತವೆ. 14 ಇಂಚನ್ನೂ ಒಂದೇ ಬಣ್ಣದಲ್ಲಿ ಮುಗಿಸದೆ, ಹಳೆಯ ಕೌದಿಗೆ ತಗುಲಿ 4 ಇಂಚಿನ ಗಾಢ ಬಣ್ಣದ ಪಟ್ಟಿ, ಅದರಾಚೆ 10 ಇಂಚಿನ ತುಂಡುಗಳ ಪಟ್ಟಿ ಬಂದರೆ ನಡುವಿನ ಹಳೆಯ ಕೆಲಸ ಎದ್ದು ಕಾಣುತ್ತದೆ. ಹೊಸದನ್ನು ಹಳೆಯದರಂತೆ ತೋರಿಸುವ ಪ್ರಯತ್ನ ಬೇಡ.

ಜೋಡಣೆ ಕೆಲಸದ ಜೀವಾಳ. ಪದರುಗಳೆಲ್ಲ ಒಂದೇ ಗೆರೆಯಲ್ಲಿ ಕೂಡಿದರೆ, ಒಗೆದು ಹಿಂಡುವಾಗ ಭಾರವೆಲ್ಲ ಆ ಗೆರೆಗೆ ಬಿದ್ದು ಅಲ್ಲೇ ಬಿರಿಯುತ್ತದೆ. ಹಾಗಾಗಿ ಹಳೆಯ ಅಂಚಿನ ಹೊಲಿಗೆಯನ್ನು ಮೆಲ್ಲಗೆ ಬಿಚ್ಚಿ, ಹೊಸ ಪಟ್ಟಿಯ ಮೇಲಿನ ಬಟ್ಟೆಯನ್ನು ಹಳೆಯದರ ತುದಿಗೆ ಕೂಡಿಸಿ. ಒಳಪದರು ಹಳೆಯದರ ಅಡಿಗೆ 2 ಇಂಚು ನುಗ್ಗಲಿ. ಹಿಂಬದಿಯ ಬಟ್ಟೆ 3 ಇಂಚು ದಾಟಿ ಹಳೆಯ ಬೆನ್ನಿನ ಮೇಲೆ ಕೂತು ಮಡಚಿಕೊಳ್ಳಲಿ. ಹಳೆಯದರಲ್ಲಿ ನಾಲ್ಕು ಪದರಿದ್ದರೆ ಹೊಸದರಲ್ಲೂ ನಾಲ್ಕಿರಲಿ. ಕೊನೆಗೆ ಹಳೆಯ ಸಾಲುಗಳ ನಡುವಿನ ಅಂತರವನ್ನೇ ಹಿಡಿದು, ಅದೇ ಉದ್ದದ ಹೊಲಿಗೆ ಹಾಕುತ್ತ, ಕೂಡುಗೆರೆಯನ್ನು ದಾಟಿ ಹಳೆಯ ಕೌದಿಯೊಳಗೆ ಎರಡು ಮೂರು ಇಂಚು ಹೋಗಿ ನಿಲ್ಲಿ. ಇಳಕಲ್ ನೇಕಾರರು ಒಡಲಿನ ಹಾಸುಎಳೆಗೆ ಸೆರಗಿನ ಹಾಸುಎಳೆಯನ್ನು ಕೊಂಡಿ ಹಾಕಿ ಸೇರಿಸುವ ಹಿಂದಿನ ವಿವೇಕವೂ ಇದೇ: ಕೂಡುವ ಎರಡೂ ಒಂದರೊಳಗೊಂದು ಹೊಗಬೇಕು. ದಾರ ಹತ್ತಿಯದಿರಲಿ. ಗಟ್ಟಿ ಪಾಲಿಯೆಸ್ಟರ್ ದಾರ ಸವೆದ ಬಟ್ಟೆಯನ್ನು ಕೊಯ್ಯುತ್ತದೆ. ಮಶೀನಿಗಿಂತ ಕೈ ಮೇಲು, ಏಕೆಂದರೆ ಮಶೀನಿನ ಒತ್ತೊತ್ತಾದ ತೂತುಗಳನ್ನು ಹಳೆಯ ಬಟ್ಟೆ ತಾಳದು.

ಕೌದಿಯನ್ನು ದೊಡ್ಡದು ಮಾಡಿದರೆ ಅದರ ಮೂಲರೂಪ ಕೆಡುತ್ತದೆ ಎಂಬ ಅಳುಕು ಕೆಲವರಿಗಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು, ಅಂದರೆ ಕವಂದಿಗಳನ್ನು, ನೋಡಿದರೆ ಆ ಅಳುಕು ಹೋಗುತ್ತದೆ. ಅವರಲ್ಲಿ ನಿಗದಿಯಾದ ಅಳತೆಯಿಲ್ಲ. ತೊಟ್ಟಿಲ ಕೂಸಿಗೆ ಚಿಕ್ಕದು, ಮನೆಮಂದಿ ಕೂಡಿ ಹೊದೆಯಲು ದೊಡ್ಡದು. ಅವರು ಹೊಲಿಗೆಯನ್ನು ಹೊರ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ಮುಕ್ಕೋನದ ‘ಫೂಲ’ಗಳನ್ನಿಡುತ್ತಾರೆ. ಅವಿಲ್ಲದೆ ಕವಂದಿ ಪೂರ್ತಿಯಾಗದು. ಇಂಥದ್ದಕ್ಕೆ ಅಂಚು ಕಟ್ಟುವಾಗ ಹಳೆಯ ಫೂಲಗಳನ್ನು ಕೀಳಬೇಡಿ. ಅವು ಇದ್ದಲ್ಲೇ ಇರಲಿ, ಹೊಸ ಮೂಲೆಗಳಿಗೆ ಹೊಸ ಫೂಲ ಬರಲಿ. ಹಾಸಿಗೆಗೆ, ಮಂದಿಗೆ, ಸಿಕ್ಕ ಬಟ್ಟೆಗೆ ತಕ್ಕಂತೆ ಅಳತೆ ಬದಲಾಗುತ್ತ ಬಂದದ್ದೇ ಈ ಹೊಲಿಗೆಯ ಪರಂಪರೆ. ಅದನ್ನು ಮುಂದುವರಿಸುವ ಹಕ್ಕು ನಮಗೂ ಇದೆ.

ದೊಡ್ಡದಾದ ಕೌದಿ ಒದ್ದೆಯಾದಾಗ ಬಲು ಭಾರ. ಒಂದೇ ಹಗ್ಗಕ್ಕೆ ಜೋತು ಹಾಕದೆ, ಚಾಪೆಯ ಮೇಲೆ ಹರಡಿ ಒಣಗಿಸಿ. ಹೊರ ಅಂಚನ್ನು ಮುಗಿಸುವಾಗ ಬಟ್ಟೆಯನ್ನು ಬರಿ ಕಾಲಿಂಚು ಮಡಚದೆ ಒಂದು ಇಂಚು ಒಳಗೆ ಮಡಚಿಡಿ, ಉಳಿದ ದಾರವನ್ನೂ ತುಂಡುಗಳನ್ನೂ ಕಟ್ಟಿಡಿ. ನಾಳೆ ಮಗಳೋ ಸೊಸೆಯೋ ಇನ್ನೂ ಅಗಲದ ಹಾಸಿಗೆಗಾಗಿ ಈ ಅಂಚನ್ನು ಬಿಚ್ಚಿದಾಗ, ಹೊಸ ಪಟ್ಟಿ ಕೂಡಿಸಲು ಅವರಿಗೆ ಗಟ್ಟಿ ಬಟ್ಟೆ ಸಿಗಬೇಕು.