ನೆರೆಮನೆಯವರ ಕೈಯಲ್ಲಿ ಬೀಗದ ಕೈ

2003ರ ಆಗಸ್ಟ್ ತಿಂಗಳಲ್ಲಿ ಕೆಲವು ವಾರ ಬರ್ಮಿಂಗ್‌ಹ್ಯಾಮಿನಲ್ಲಿ ತಂಗಿಯ ಮನೆಯಲ್ಲಿದ್ದೆ. ಅಲ್ಲಿನ ಬೇಸಿಗೆಯ ಹಗಲು ಸುಲಭವಾಗಿ ಮುಗಿಯುವುದಿಲ್ಲ. ಮಗ್ರಿಬ್ ನಮಾಜಿಗೆ ರಾತ್ರಿ ಎಂಟೂವರೆ ದಾಟಬೇಕು. ಅಲ್ಲಿಯವರೆಗೆ ಹೊತ್ತು ಕಳೆಯಲು ಟಿ.ವಿ. ಮುಂದೆ ಕೂರುತ್ತಿದ್ದೆ. ಒಂದು ಶುಕ್ರವಾರದ ಸಂಜೆ ಮನೆ ಅಲಂಕಾರ, ಕೈತೋಟ ಮತ್ತು ಧಾರಾವಾಹಿ ಹೀಗೆ ಒಂದರ ಹಿಂದೆ ಒಂದು ನೋಡಿದೆ. ಕೆಲವು ಹೊಸವು, ಕೆಲವು ಮರುಪ್ರಸಾರ. ಆ ಸಂಜೆಯ ಬಗ್ಗೆ ಈಗೇಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ಅಂದು ನೋಡಿದ್ದರಲ್ಲಿ ಒಂದು ಸಂಗತಿ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಮೊದಲಿನದು 'ಚೇಂಜಿಂಗ್ ರೂಮ್ಸ್'. 1996ರಲ್ಲಿ ಬಿ.ಬಿ.ಸಿ.ಯಲ್ಲಿ ಶುರುವಾಗಿ 2004ರವರೆಗೆ ನಡೆದ, 2021ರಲ್ಲಿ ಚಾನೆಲ್ 4 ಮತ್ತೆ ತಂದ ಕಾರ್ಯಕ್ರಮ. ಅದರ ಕಟ್ಟುಪಾಡು ಬಹಳ ಸರಳ. ಅಕ್ಕಪಕ್ಕದ ಎರಡು ಮನೆಯವರು ಪರಸ್ಪರ ಬೀಗದ ಕೈ ಕೊಡುತ್ತಾರೆ. ಎರಡು ದಿನ, ಐನೂರು ಪೌಂಡ್ ಖರ್ಚು, ಜೊತೆಗೊಬ್ಬ ವಿನ್ಯಾಸಕಾರ. ಇವರು ಅವರ ಒಂದು ಕೋಣೆಯನ್ನೂ ಅವರು ಇವರ ಒಂದು ಕೋಣೆಯನ್ನೂ ತಮಗೆ ತೋಚಿದಂತೆ ಬದಲಿಸಬೇಕು. ಎರಡನೆಯ ದಿನದ ಕೊನೆಗೆ ಮನೆಯವರನ್ನು ಕಣ್ಣು ಮುಚ್ಚಿಸಿ ಕರೆತರುತ್ತಾರೆ. ಕಣ್ಣು ಬಿಟ್ಟಾಗ ಅವರ ಮುಖ ಹೇಗಾಗುತ್ತದೆ ಎಂಬುದಕ್ಕಾಗಿಯೇ ಅರ್ಧ ಗಂಟೆಯ ಸಿದ್ಧತೆ.

ಅಲಂಕಾರದ ಮಟ್ಟಿಗೆ ಹೇಳುವುದಾದರೆ ಅದೊಂದು ಅನಾಹುತ. ಲಾರೆನ್ಸ್ ಲುವೆಲಿನ್-ಬೋವೆನ್ ಎಂಬ ವಿನ್ಯಾಸಕಾರರು ಕಡುಗೆಂಪು ಗೋಡೆ, ನವಾಬರ ಕಾಲದಂತಹ ಪರದೆಗಳನ್ನು ಸಾಮಾನ್ಯ ಉದ್ಯೋಗಸ್ಥರ ಪುಟ್ಟ ಕೋಣೆಗಳಿಗೆ ತುಂಬುತ್ತಿದ್ದರು. ಎಲ್ಲಕ್ಕೂ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆ. ಇನ್ನೊಬ್ಬ ವಿನ್ಯಾಸಕಾರ್ತಿ ಲಿಂಡಾ ಬಾರ್ಕರ್ ಅವರು ಒಂದು ಕಂತಿನಲ್ಲಿ ಮನೆಯೊಡತಿಯ ಹಳೆಯ ಟೀಪಾಟ್‌ಗಳ ಸಂಗ್ರಹಕ್ಕೆಂದು ಚಾವಣಿಯಿಂದ ಕಪಾಟು ತೂಗುಹಾಕಿಸಿದರು. ಅದು ಕಳಚಿ ಬಿದ್ದು, ಸಾವಿರಾರು ಪೌಂಡ್ ಬೆಲೆಯ ಟೀಪಾಟ್‌ಗಳು ಚೂರಾದವು. ಇಂಗ್ಲೆಂಡಿನಲ್ಲಿ ಈ ಕಾರ್ಯಕ್ರಮದ ಹೆಸರೆತ್ತಿದರೆ ಜನ ಇಂದಿಗೂ ಮೊದಲು ನೆನೆಯುವುದು ಆ ಚೂರುಗಳನ್ನು.

ಮನೆಯೆಂದರೆ ಅಂಗಡಿಯ ಗಾಜಿನ ಪೆಟ್ಟಿಗೆಯಂತೆ ಆಗಾಗ ಬದಲಿಸಿ ತೋರಿಸಬೇಕಾದ ವಸ್ತು ಎಂಬ ಚಟವನ್ನು ಇಂತಹ ಕಾರ್ಯಕ್ರಮಗಳು ಹಬ್ಬಿಸಿದವು ಎಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ. ಆದರೆ ಅಂದು ನನ್ನನ್ನು ಹಿಡಿದು ಕೂರಿಸಿದ್ದು ಬಣ್ಣವಲ್ಲ, ಬೀಗದ ಕೈ. ಎರಡು ದಿನ ನೆರೆಮನೆಯವರು ನಮ್ಮ ಮನೆಯಲ್ಲಿ, ನಾವು ಅವರ ಮನೆಯಲ್ಲಿ. ಕಪಾಟಿನ ಬಟ್ಟೆ, ಗೋಡೆಯ ಮೇಲಿನ ಅಪ್ಪ-ಅಮ್ಮನ ಫೋಟೋ ಎಲ್ಲವನ್ನೂ ಅವರಿಗೆ ಒಪ್ಪಿಸಿ ಬರುವುದೆಂದರೆ ಸಣ್ಣ ಮಾತಲ್ಲ. ಅಲಂಕಾರ ಎಷ್ಟೇ ಕೆಟ್ಟದಾಗಿದ್ದರೂ, ಅತ್ತು ಮುಗಿದ ಮೇಲೆ ಆ ಎರಡು ಮನೆಯವರು ಅದೇ ಬೀದಿಯಲ್ಲಿ ಬಾಳಬೇಕಲ್ಲ!

ಕೈತೋಟದ್ದು 'ಗ್ರೌಂಡ್ ಫೋರ್ಸ್'. 1997ರಿಂದ 2005ರವರೆಗೆ ನಡೆಯಿತು. ಇಲ್ಲಿ ಮನೆಯವರೇ ಒಬ್ಬರು ಸಂಚು ಹೂಡಿ ಇನ್ನೊಬ್ಬರನ್ನು ಎರಡು ದಿನ ಹೊರಗೆ ಕಳುಹಿಸುತ್ತಾರೆ. ಅಷ್ಟರಲ್ಲಿ ಹಿತ್ತಲು ತೋಟವಾಗುತ್ತದೆ. ಮರದ ಹಲಗೆಯ ಜಗಲಿ, ಚಿಮ್ಮುವ ನೀರು, ಅಂಗಡಿಯಿಂದ ಬೆಳೆದೇ ಬಂದ ಗಿಡಗಳು. ದಕ್ಷಿಣ ಆಫ್ರಿಕದ ಕುನು ಹಳ್ಳಿಗೂ ಈ ತಂಡ ಹೋಗಿ ನೆಲ್ಸನ್ ಮಂಡೇಲಾ ಅವರಿಗೆ ಹೀಗೊಂದು ತೋಟ ಮಾಡಿಕೊಟ್ಟಿತ್ತು. ಎರಡು ದಿನದ ತೋಟ ಆರು ತಿಂಗಳ ಮೇಲೆ ಹೇಗಿದೆ ಎಂಬ ಪ್ರಶ್ನೆ ಆ ಅರ್ಧ ಗಂಟೆಯೊಳಗೆ ಏಳುವುದೇ ಇಲ್ಲ.

ಅದರ ಪಕ್ಕದಲ್ಲಿ 'ಗಾರ್ಡನರ್ಸ್ ವರ್ಲ್ಡ್' ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1968ರಲ್ಲಿ ಆರಂಭವಾದ ಅದು ಇಂದಿಗೂ ನಡೆಯುತ್ತಿದೆ. 1996ರಲ್ಲಿ ತೀರಿಕೊಂಡ ಜೆಫ್ ಹ್ಯಾಮಿಲ್ಟನ್ ಅವರು ಬಾರ್ನ್ಸ್‌ಡೇಲಿನ ತಮ್ಮ ತೋಟದಿಂದಲೇ ಅದನ್ನು ನಡೆಸಿಕೊಡುತ್ತಿದ್ದರು. ಗೊಬ್ಬರ ಕಳಿಯಲು ಕಾಯುವುದು, ಸತ್ತ ಗಿಡವನ್ನು ಮುಚ್ಚಿಡದೆ ತೋರಿಸುವುದು ಅಲ್ಲಿ ಮಾಮೂಲು. 2003ರಲ್ಲಿ ಸೇರಿದ ಮಾಂಟಿ ಡಾನ್ ಅವರು ನಡುವೆ ಕೆಲವು ವರ್ಷ ಬಿಟ್ಟು, 2011ರಿಂದ ಹೆರೆಫೋರ್ಡ್‌ಶೈರಿನ ತಮ್ಮ ಮನೆಯ ತೋಟದಿಂದ ಮತ್ತೆ ಮಾತಾಡತೊಡಗಿದರು. 2018ರಲ್ಲಿ ಅವರೇ ಇಸ್ಲಾಮಿಕ್ ಜಗತ್ತಿನ ಉದ್ಯಾನಗಳ ಬಗ್ಗೆ ಎರಡು ಕಂತುಗಳ ಸರಣಿ ಮಾಡಿದರು. ಇರಾನಿನ ಬರಡು ನೆಲದಲ್ಲಿ ಗೋಡೆ ಕಟ್ಟಿ, ನೀರಿನ ಕಾಲುವೆ ಎಳೆದು, ನಾಲ್ಕು ಪಾಲು ಮಾಡಿದ ತೋಟವನ್ನು ಅವರು ಅವಸರವಿಲ್ಲದೆ ನೋಡಿದ ಬಗೆ ನನಗೆ ಇಷ್ಟವಾಯಿತು. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗನ್ನು ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಷ್ಟೇ ನೋಡುವ ನಮಗೆ ಅಂತಹ ವ್ಯವಧಾನ ಇದೆಯೇ? ಇರಲಿ, ಅದು ಬೇರೆಯದೇ ಚರ್ಚೆ.

ಎಂಟು ಗಂಟೆಗೆ ಧಾರಾವಾಹಿ. 1985ರಲ್ಲಿ ಆರಂಭವಾದ 'ಈಸ್ಟ್‌ಎಂಡರ್ಸ್' ಲಂಡನ್ನಿನ ಪೂರ್ವ ಭಾಗದ ಒಂದು ಕಾಲ್ಪನಿಕ ಚೌಕದ ಕಥೆ. ಇಲ್ಲಿನ ನೆರೆಹೊರೆ ಇಣುಕುತ್ತದೆ, ಕದಿಯುತ್ತದೆ, ಜಗಳ ಕಾಯುತ್ತದೆ. ಆ ಬೇಸಿಗೆಯಲ್ಲೇ ಚೌಕಕ್ಕೆ ಫೆರೇರಾ ಎಂಬ ಭಾರತೀಯ ಮೂಲದ ಕುಟುಂಬ ಬಂದಿಳಿದಿತ್ತು. ತಂದೆಯ ಪಾತ್ರದಲ್ಲಿ ನಮ್ಮ ಹಿಂದಿ ಸಿನಿಮಾದ ದಲೀಪ್ ತಾಹಿಲ್! ತಂಗಿಯ ಮನೆಯವರೆಲ್ಲ ಉತ್ಸಾಹದಿಂದ ಕೂತರು. ಸ್ವಲ್ಪ ಹೊತ್ತಿಗೇ ಉತ್ಸಾಹ ಇಳಿಯಿತು. ಹೆಸರುಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಈ ಮನೆಯವರ ಊರು ಯಾವುದು, ಧರ್ಮ ಯಾವುದು, ಒಲೆಯ ಮೇಲೆ ಬೇಯುವುದೇನು ಎಂದು ಬರೆದವರಿಗೇ ಗೊತ್ತಿದ್ದಂತಿರಲಿಲ್ಲ. ಅಲ್ಲಿನ ಏಷ್ಯನ್ ಪ್ರೇಕ್ಷಕರೂ ಇದನ್ನೇ ಟೀಕಿಸಿದರು. ಆ ಕುಟುಂಬ 2005ರ ಹೊತ್ತಿಗೆ ಕಥೆಯಿಂದ ಮರೆಯಾಯಿತು.

2007ರಲ್ಲಿ ಬಂದ ಮಸೂದ್ ಕುಟುಂಬ ಹಾಗಲ್ಲ. ಮಸೂದ್ ಅಹ್ಮದ್ ಅಂಚೆಯವ, ಹೆಂಡತಿ ಜೈನಬ್‌ಳದು ಗಟ್ಟಿ ಬಾಯಿ. ಆಕೆಯ ಪಾತ್ರ ಮಾಡಿದ ನೀನಾ ವಾಡಿಯಾ ಮುಂಬೈಯಲ್ಲಿ ಹುಟ್ಟಿದ ಪಾರ್ಸಿ. ಮುಂದೆ ಅವರ ಮಗನ ಕಥೆಗೆ ಅಲ್ಲಿನ ಮುಸ್ಲಿಮರಲ್ಲಿ ಹಲವರು ಆಕ್ಷೇಪ ಎತ್ತಿದರು. ಅದೇನೇ ಇರಲಿ, ಮಾಲುಮಾಡಲು ಒಂದು ಮನೆ ಅಲ್ಲಿತ್ತು. ಅಡುಗೆಮನೆಯಲ್ಲಿ ಗಂಡಹೆಂಡಿರು ಹಣದ ಬಗ್ಗೆ ಜಗಳವಾಡುವುದನ್ನು ನೋಡಿದಾಗ, ಇವರು ಗೊತ್ತಿರುವವರು ಎನಿಸಿತು.

ಇನ್ನೊಂದು ಸಂಗತಿ. 'ಚೇಂಜಿಂಗ್ ರೂಮ್ಸ್' ಮತ್ತು 'ಗ್ರೌಂಡ್ ಫೋರ್ಸ್' ಎರಡೂ ಪೀಟರ್ ಬ್ಯಾಜಲ್ಗೆಟ್ ಅವರ ಸಂಸ್ಥೆಯ ಕೂಸುಗಳು. ಅವರ ಮುತ್ತಜ್ಜನ ತಂದೆ ಜೋಸೆಫ್ ಬ್ಯಾಜಲ್ಗೆಟ್ ಲಂಡನ್ನಿನ ಒಳಚರಂಡಿ ಕಟ್ಟಿದ ಎಂಜಿನಿಯರ್. ಅಜ್ಜ ಊರಿನ ಕೊಳೆಯನ್ನು ಮನೆಯಿಂದ ಹೊರಕ್ಕೆ ಹರಿಸಿದರೆ ಮೊಮ್ಮಗ ಒಳಕ್ಕೆ ಹರಿಸಿದ ಎಂಬ ಕುಚೋದ್ಯ ಅಲ್ಲಿ ಹಳೆಯದು. 2000ದಲ್ಲಿ 'ಬಿಗ್ ಬ್ರದರ್' ಅನ್ನು ಬ್ರಿಟನ್ನಿಗೆ ತಂದವರೂ ಅವರೇ. ಅದು 2006ರಲ್ಲಿ ಹಿಂದಿಯಲ್ಲಿ, 2013ರಲ್ಲಿ ಕನ್ನಡದಲ್ಲಿ 'ಬಿಗ್ ಬಾಸ್' ಆಗಿ ಬಂತು. ಆ ಕಾರ್ಖಾನೆಯ ಸರಕಿನಲ್ಲಿ ನಮ್ಮ ಮನೆಮನೆ ತಲುಪಿದ್ದು ಹೊರಗಿನಿಂದ ಬೀಗ ಹಾಕಿದ ಮನೆ. ನೆರೆಯವರು ಬೀಗದ ಕೈ ಬದಲಿಸಿಕೊಳ್ಳುವ ಆಟ ಇಲ್ಲಿ ಅಷ್ಟು ಸುದ್ದಿ ಮಾಡಲಿಲ್ಲ.

ಬಂದಿದ್ದರೆ ಏನಾಗುತ್ತಿತ್ತು? ಬೆಂಗಳೂರಿನ ಒಂದು ಬಡಾವಣೆ, ಅಕ್ಕಪಕ್ಕದ ಎರಡು ಮನೆ, ಒಂದು ನಮ್ಮದು. ಅದಕ್ಕೆ ಮೊದಲು ಅಕ್ಕಪಕ್ಕದಲ್ಲಿ ಮನೆ ಸಿಗಬೇಕಲ್ಲ! ನನ್ನ ಅಣ್ಣನ ಮಗ ಅಲ್ಲಿ ಬಾಡಿಗೆ ಮನೆ ಹುಡುಕುವಾಗ ಫೋನಿನಲ್ಲಿ ಎಲ್ಲ ಒಪ್ಪಿಗೆಯಾಗಿ, ಮುಂಗಡದ ಮೊತ್ತವೂ ನಿಗದಿಯಾಗಿ, ಕೊನೆಗೆ ಹೆಸರು ಹೇಳಿದ ಕೂಡಲೇ "ಊರಿಂದ ನೆಂಟರು ಬರ್ತಾರೆ" ಎಂಬ ಉತ್ತರ ಬಂತು. ಮೂರು ಕಡೆ ಮೂರು ನೆಂಟರು. ಇದು ಒಂದು ಮಗ್ಗುಲು. ಇನ್ನೊಂದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನೆರೆಯವರ ಹಕ್ಕಿನ ಬಗ್ಗೆ ಜುಮಾ ಖುತ್ಬಾದಲ್ಲಿ ಎಷ್ಟು ಸಲ ಕೇಳಿದ್ದೇವೆ! ನೆರೆಯವ ಮುಸ್ಲಿಮನೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ಆದರೂ ನಮ್ಮ ಮೊಹಲ್ಲಾದ ಆಚೆಯವರಲ್ಲಿ ನಮ್ಮ ಅಡುಗೆಮನೆ ನೋಡಿದವರು ಎಷ್ಟು ಮಂದಿ? ಈದ್ ದಿನ ಬಿರಿಯಾನಿಯ ಡಬ್ಬ ಗೇಟಿನವರೆಗೆ ಹೋಗುತ್ತದೆ, ದೀಪಾವಳಿಯ ಸಿಹಿ ಗೇಟಿನವರೆಗೆ ಬರುತ್ತದೆ. ಗೇಟು ದಾಟುವುದು ಅಪರೂಪ.

ಆ ಶುಕ್ರವಾರ ಟಿ.ವಿ. ಆರಿಸಿದ ಮೇಲೆ ತಂಗಿಯನ್ನು ಕೇಳಿದೆ, "ನೀನಾದರೆ ಹೀಗೆ ಬೀಗದ ಕೈ ಕೊಡ್ತೀಯಾ?" ಅವಳು ದಸ್ತರ್‌ಖಾನ್ ಹಾಸುತ್ತಾ ಹೇಳಿದಳು: "ಕೊಟ್ಟಿದ್ದೀನಲ್ಲ ಭಾಯಿಜಾನ್. ಪಕ್ಕದ ಮನೆ ಅಜ್ಜಿ ಹತ್ರ ಒಂದು ಯಾವಾಗಲೂ ಇರುತ್ತೆ. ಹೋದ ವರ್ಷ ನಾವು ಊರಿಗೆ ಬಂದಾಗ ಒಂದು ತಿಂಗಳು ಗಿಡಕ್ಕೆ ನೀರು ಹಾಕಿದ್ದು ಅವರೇ. ಪರದೆ ಬಣ್ಣ ಮಾತ್ರ ಅವರಿಗೆ ಇಷ್ಟ ಇಲ್ಲವಂತೆ."