‘ಏನೂ ಇಲ್ಲ’ ಎಂದರೆ ಸಾಲದು

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಒಯ್ಯುವ ತಪಾಸಣಾ ನಮೂನೆಯಲ್ಲಿ ಸ್ತನದ ಬಗ್ಗೆ ಕೇಳುವುದು ಇಷ್ಟು: ಗಂಟು ಇದೆಯೇ, ತೊಟ್ಟಿನಿಂದ ರಕ್ತ ಬೆರೆತ ದ್ರವ ಬರುತ್ತದೆಯೇ, ಆಕಾರ, ಗಾತ್ರ ಬದಲಾಗಿದೆಯೇ. ನೋವಿನ ಮಾತೇ ಇಲ್ಲ. ಕ್ಯಾನ್ಸರ್ ಹುಡುಕುವ ಕಾಗದಕ್ಕೆ ಇದು ಸರಿಯೇ, ಬರೀ ನೋವಿನ ಹಿಂದೆ ಕ್ಯಾನ್ಸರ್ ಇರುವುದು ಅಪರೂಪ. ಆದರೆ ಹೆಂಗಸರ ನಿದ್ದೆ ಕೆಡಿಸುವುದು ಆ ನೋವೇ. ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ವಯಸ್ಸಿನಲ್ಲಿ ಅದು ಬರುತ್ತದೆ. ಹೆದರಿಕೆ ಹೆಚ್ಚಿದಷ್ಟೂ ನೋವು ಹೆಚ್ಚು ಕಾಡುತ್ತದೆ.

ಆ ಹೆದರಿಕೆಯನ್ನು ತಿಳಿವಳಿಕೆಯಿಂದ ಇಳಿಸುವ ಚಿಕಿತ್ಸೆಗೆ ಬಲವಿದೆ, ಮಿತಿಯೂ ಇದೆ. ಬ್ರೆಜಿಲಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆ ಮಾಡಿ ಬಿಡಿಸಿ ಹೇಳಿದ್ದರಿಂದಲೇ ನೂರಕ್ಕೆ ಸುಮಾರು 70 ಮಂದಿ ಸುಧಾರಿಸಿಕೊಂಡರು. ತೀವ್ರ ನೋವಿದ್ದವರಲ್ಲಿ ಅದು 52ರ ಆಸುಪಾಸಿಗೆ ಇಳಿಯಿತು. ಮುಟ್ಟಿನ ಜೊತೆ ಬರುವ ನೋವು ಕೆಲವರಿಗೆ ತಾನಾಗಿಯೇ ಹೋಗುತ್ತದೆ, ಹಾಗಾಗಿ ಈ 70ರ ಪೂರ್ತಿ ಶ್ರೇಯ ಮಾತಿಗೆ ಸಲ್ಲದು. ನನಗೆ ಮುಖ್ಯವೆನಿಸುವುದು ಆ 52. ಉಳಿದವರಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್, ಸರಿಯಾದ ಅಳತೆಯ ಒಳಉಡುಪು, ಮುಂದಿನ ತಪಾಸಣೆ ಬೇಕು. ಮಾತೊಂದೇ ಸಾಕೆಂದು ಅವರನ್ನು ಮನೆಗೆ ಕಳಿಸುವುದು ಅನ್ಯಾಯ.

ಆದರೆ ನಮ್ಮ ಹೊರರೋಗಿ ವಿಭಾಗಗಳಲ್ಲಿ ಮಾತಾದರೂ ಎಲ್ಲಿ ಸಿಗುತ್ತದೆ? ‘ಏನೂ ಇಲ್ಲ, ಹೋಗಮ್ಮ’ ಎಂಬಲ್ಲಿಗೆ ಮುಗಿಯಿತು. ನೋವು ಮಾತ್ರ ಇದ್ದೇ ಇರುತ್ತದಲ್ಲ! ‘ಏನೂ ಇಲ್ಲ’ ಎಂದವರನ್ನು ನಂಬದೆ ಆಕೆ ಮೈಸೂರಿನ ಬಸ್ಸು ಹತ್ತುತ್ತಾಳೆ, ಇಲ್ಲವೇ ಬಾಯಿ ಮುಚ್ಚಿಕೊಂಡು ಸಹಿಸುತ್ತಾಳೆ. ಬಿಡಿಸಿ ಹೇಳುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಮಗ್ಗುಲಿಗೆ ಮಲಗಿಸಿ, ಸ್ತನ ಒಂದು ಕಡೆ ಸರಿದ ಮೇಲೆ ಪಕ್ಕೆಲುಬನ್ನೇ ಬೆರಳಿನಿಂದ ಒತ್ತಬೇಕು. ‘ಹಾ, ಇಲ್ಲೇ’ ಎಂದರೆ ನೋವು ಎದೆಗೂಡಿನದು. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ, ಹನೂರಿನ ಕಡೆ ನೀರು, ಸೌದೆ ಹೊರುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಮುಟ್ಟಿಗೆ ಮುಂಚಿನ ನೋವಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಮೂರು ತಿಂಗಳು ಗುರುತು ಹಾಕಿಸಿದರೆ ಸಾಕು, ಆಕೆಯ ಕಣ್ಣಿಗೇ ಲೆಕ್ಕ ಕಾಣುತ್ತದೆ. ಗಂಟು, ರಕ್ತ, ಚರ್ಮದ ಬದಲಾವಣೆ ಕಂಡರೆ ಮಾತ್ರ ತಡಮಾಡದೆ ಸ್ಕ್ಯಾನಿಂಗ್ ಆಗಬೇಕು.

ಇದು ಇಲ್ಲಿ ಆಗದ ಕೆಲಸ ಎನ್ನುವವರಿಗೆ ಯಳಂದೂರೇ ಉತ್ತರ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳಲ್ಲಿ ಮೂರ್ಛೆರೋಗಕ್ಕೆ ಅಗ್ಗದ ಮಾತ್ರೆಗಳಿಂದಲೇ ನಡೆಸಿದ ಚಿಕಿತ್ಸೆಯ ವರದಿ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ವರ್ಷಗಟ್ಟಲೆ ಬಿಡದೆ ಮಾತ್ರೆ ನುಂಗಿಸುವುದು ರೋಗಿಯ ಜೊತೆ, ಮನೆಯವರ ಜೊತೆ ಕೂತು ಮಾತಾಡದೆ ಆಗುವ ಕೆಲಸವಲ್ಲ.

ಆಶಾ ನಮೂನೆಯ ಕೊನೆಯಲ್ಲಿ ಮನಸ್ಸಿನ ಬೇಸರದ ಬಗ್ಗೆ ಎರಡು ಪ್ರಶ್ನೆಗಳಿವೆ, ಆತಂಕದ ಬಗ್ಗೆ ಒಂದೂ ಇಲ್ಲ. ಸ್ತನದ ಪ್ರಶ್ನೆಗಳ ಸಾಲಿಗೆ ‘ನೋವಿದೆಯೇ, ಅದರಿಂದ ಹೆದರಿಕೆಯಾಗಿದೆಯೇ’ ಎಂಬುದನ್ನು ಸೇರಿಸಬೇಕು. ಇಪ್ಪತ್ತೈದರ ಸೊಸೆಗೂ ಈ ನೋವು ಬರುತ್ತದೆ. ಮೂವತ್ತಾಗಿಲ್ಲವೆಂದು ಅವಳನ್ನು ಕೇಳದೆ ಬರುವುದು ನಿಲ್ಲಬೇಕು.